ಕೊಡಗಿನ ಮಳೆಗೂ ನಿಲ್ಲುವ ಹಾಗೆ, ಕಡಿಮೆ ಖರ್ಚಿನಲ್ಲಿ ಮನೆ ಚೆಂದ ಮಾಡೋದು

ಮಡಿಕೇರಿಗೆ ಬಂದ ಮೊದಲ ವರ್ಷ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಒಂದು ಗೋಡೆಗೆ ಇಟ್ಟಿಗೆ ಚಿತ್ರದ ವಾಲ್‌ಪೇಪರ್ ಅಂಟಿಸಿದ್ದೆ. ಆಗ ಮೇ ತಿಂಗಳು. ಗೋಡೆ ಮುಟ್ಟಿ ನೋಡಿದರೆ ಒಣಗಿಯೇ ಇತ್ತು. ಜುಲೈ ಹೊತ್ತಿಗೆ ಅಂಚು ಎದ್ದಿತು, ಎಳೆದು ನೋಡಿದರೆ ಹಿಂದೆಲ್ಲಾ ಕಪ್ಪು ಬೂಷ್ಟು. ಜೊತೆಗೆ ತಂದಿದ್ದ ದಪ್ಪ ಕಾರ್ಪೆಟ್ಟಿಗೂ ಫೋಮ್ ಸೋಫಾಕ್ಕೂ ಅದೇ ಗತಿ. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ಒಂದು ಮಳೆಗಾಲ ಕಳೆದ ಮೇಲೆ ಸಾಮಾನು ತರಬೇಕಿತ್ತು ಮಗಳೇ" ಅಂದರು. ಅವರ ಮಾತು ನೂರಕ್ಕೆ ನೂರು ಸರಿ.

ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಫೋನಿನಲ್ಲಿ ನೋಡಿದ ಚೆಂದದ ರೂಮು ಇಲ್ಲಿ ಹಾಗೇ ಉಳಿಯೋದಿಲ್ಲ. ಯಾವುದೇ ವಸ್ತು ಕೊಳ್ಳುವ ಮುಂಚೆ ಇದು ಜುಲೈ ತಡೆಯುತ್ತಾ ಅಂತ ಕೇಳಿಕೊಳ್ಳಿ. ತಡೆಯಲ್ಲ ಅನ್ನಿಸಿದರೆ ಎಷ್ಟೇ ಅಗ್ಗವಾಗಿದ್ದರೂ ಬಿಡಿ. ಕುಶಾಲನಗರದ ಕಡೆ ಇರುವವರಿಗೆ ಇಷ್ಟು ಕಷ್ಟ ಇಲ್ಲ, ಅಲ್ಲಿ ಮಳೆ ಕಡಿಮೆ.

ದುಡ್ಡು ಹಾಕೋದಾದರೆ ಮೊದಲು ಗೋಡೆಗೆ ಹಾಕಿ. ಮಳೆ ಜೋರಾಗಿದ್ದಾಗಲೇ ಒಂದು ಪೆನ್ಸಿಲ್ ಹಿಡಿದು ಮನೆ ಸುತ್ತಿ, ತೇವ ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಗೆರೆ ಎಳೆದಿಡಿ. ಬೇಸಿಗೆಯಲ್ಲಿ ಆ ಜಾಗ ಕಣ್ಣಿಗೆ ಕಾಣೋದೇ ಇಲ್ಲ, ಗೆರೆ ಮಾತ್ರ ನೆನಪಿಸುತ್ತೆ. ಒಡೆದ ಹೆಂಚು, ಕಸ ಕಟ್ಟಿಕೊಂಡ ಸೂರಿನ ನೀರಿನ ದೋಣಿ, ಗೋಡೆಗೆ ಒರಗಿಸಿದ ಸೌದೆ ರಾಶಿ ಇವೆಲ್ಲಾ ಸರಿಯಾಗದೆ ಯಾವ ಬಣ್ಣ ಬಳಿದರೂ ದಂಡ.

ಆಮೇಲೆ ಬಣ್ಣ. ಹಳೇ ಮಣ್ಣಿನ ಅಥವಾ ಗಾರೆಯ ಗೋಡೆ ಇದ್ದರೆ ಸುಣ್ಣವೇ ಒಳ್ಳೆಯದು, ಕಿಸೆಗೂ ಹಗುರ. ಸುಣ್ಣ ಬಳಿದ ಗೋಡೆಯಿಂದ ತೇವ ಹೊರಗೆ ಹೋಗುತ್ತೆ. ಸುಣ್ಣಕ್ಕೆ ಕ್ಷಾರದ ಗುಣ ಇರೋದರಿಂದ ಬೂಷ್ಟೂ ಬೇಗ ಹಿಡಿಯಲ್ಲ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗುಳ್ಳೆ ಏಳುತ್ತೆ, ಆಮೇಲೆ ಪದರ ಪದರವಾಗಿ ಉದುರುತ್ತೆ.

ಸುಣ್ಣದ ಕಲ್ಲು ತಂದು ಮನೆಯಲ್ಲಿ ಅರಳಿಸೋಕೆ ಹೋಗಬೇಡಿ, ನೀರು ಬಿದ್ದ ಕೂಡಲೇ ಕೊತಕೊತ ಕುದಿಯುತ್ತೆ. ಪ್ಯಾಕೆಟ್ಟಿನಲ್ಲಿ ಸಿಗುವ ಸುಣ್ಣದ ಪುಡಿ ತಗೊಂಡು, ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿ. ಹಾಲಿನಷ್ಟು ತೆಳ್ಳಗಿರಲಿ. ಬಕೆಟ್ಟಿಗೆ ಒಂದು ಹಿಡಿ ಉಪ್ಪು ಅಥವಾ ಸ್ವಲ್ಪ ಅಂಟು ಹಾಕಿದರೆ ಕೈಗೆ ಹತ್ತೋದು ಕಡಿಮೆ. ಚಿಟಿಕೆ ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತೆ. ಗೋಡೆಗೆ ಮೊದಲು ನೀರು ಚಿಮುಕಿಸಿ, ತೆಳ್ಳಗೆ ಮೂರು ಕೋಟು ಬಳಿಯಿರಿ. ಹಸಿ ಇದ್ದಾಗ ಏನೂ ಬಳಿದ ಹಾಗೇ ಕಾಣಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತೆ, ಹೆದರಿ ದಪ್ಪ ಬಳಿಯಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು, ಸುಣ್ಣದ ನೀರು ಕಣ್ಣಿಗೆ ಬಿದ್ದರೆ ತುಂಬಾ ಅಪಾಯ. ಈಗಾಗಲೇ ಎಮಲ್ಷನ್ ಇರುವ ಗೋಡೆಗೆ ಸುಣ್ಣ ಹಿಡಿಯಲ್ಲ, ಕೆರೆದು ತೆಗೆಯಲೇಬೇಕು. ಕಾಫಿ ಕೊಯ್ಲು ಮುಗಿದ ಮೇಲೆ ಫೆಬ್ರವರಿ, ಮಾರ್ಚ್‌ನಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಕೊಡವರ ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂತು ಅಂತ ಆಗಸ್ಟ್‌ನಲ್ಲಿ ಬಳಿದರೆ ಅದು ಒಣಗೋದು ಯಾವಾಗ?

ಬೂಷ್ಟು ಇರುವ ಗೋಡೆಯನ್ನು ಒಣಗಿದ್ದಾಗ ಕೆರೆಯಬೇಡಿ, ಪುಡಿ ಎದ್ದು ಮೂಗಿಗೆ ಹೋಗುತ್ತೆ. ಬ್ಲೀಚಿಂಗ್ ಪೌಡರ್ ನೀರಲ್ಲಿ ಒದ್ದೆ ಮಾಡಿ ಒರೆಸಿ, ಇಲ್ಲದಿದ್ದರೆ ವಿನೆಗರ್. ಎರಡರಲ್ಲಿ ಒಂದೇ. ಎರಡನ್ನೂ ಬೆರೆಸಿದರೆ ವಿಷದ ಗಾಳಿ ಬರುತ್ತೆ.

ಇನ್ನು ಬೆಳಕು. ಮೋಡ ಕವಿದರೆ ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕಬೇಕು, ಅಲ್ವಾ? ಹೆಂಚಿನ ಮನೆಯಾದರೆ ಓನರ್ ಹತ್ತಿರ ಕೇಳಿ ಒಂದೊಂದು ಕೋಣೆಗೆ ಎರಡೆರಡು ಗಾಜಿನ ಹೆಂಚು ಹಾಕಿಸಿ. ನನ್ನ ಪ್ರಕಾರ ಕೊಡಗಿನ ಮನೆಗೆ ಇದಕ್ಕಿಂತ ಒಳ್ಳೆಯ ಅಲಂಕಾರ ಇಲ್ಲ. ಕೆಡದ ಹೆಂಚು ಒಂದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಅಚ್ಚು ಹೊಂದದಿದ್ದರೆ ಅಲ್ಲೇ ಸೋರುತ್ತೆ. ಹಳೇ ಬೀರುವಿನ ಕನ್ನಡಿ ಗುಜರಿಯಲ್ಲಿ ಸಿಕ್ಕರೆ ಕಿಟಕಿಯ ಪಕ್ಕದ ಗೋಡೆಗೆ ಹಾಕಿ, ಬರುವ ಅಷ್ಟಿಷ್ಟು ಬೆಳಕು ಒಳಗಿನವರೆಗೂ ಹೋಗುತ್ತೆ. ರಾತ್ರಿಗೆ ನಡು ಗೋಡೆಯ ಒಂದು ಬಿಳಿ ಟ್ಯೂಬ್‌ಲೈಟ್ ಬದಲು ಮೂಲೆಗಳಲ್ಲಿ 9 ವ್ಯಾಟಿನ ಎರಡು ಹಳದಿ ಎಲ್‌ಇಡಿ ಬಲ್ಬ್ ಇಡಿ. ಡಬ್ಬದ ಮೇಲೆ ಬೆಳಕಿನ ಬಣ್ಣ 2700ಕೆ ಅಥವಾ 3000ಕೆ ಅಂತ ಇರೋದನ್ನೇ ನೋಡಿ ತಗೊಳ್ಳಿ. ಥಂಡಿ ಸಂಜೆಯಲ್ಲಿ ಕೋಣೆ ಬೆಚ್ಚಗೆ ಕಾಣುತ್ತೆ. ಕರೆಂಟ್ ಹೋಗೋದು ಗ್ಯಾರಂಟಿ ಇರುವ ಊರು ನಮ್ಮದು, ಅದರಲ್ಲಿ ಒಂದು ರೀಚಾರ್ಜ್ ಆಗುವ ಬಲ್ಬ್ ಇರಲಿ.

ಕರ್ಟನ್ನಿಗೆ ನಾನು ಒಂದು ರೂಪಾಯಿ ಕೊಟ್ಟಿಲ್ಲ. ಅಮ್ಮನ ಹಳೇ ಕಾಟನ್ ಸೀರೆ. ಐದೂವರೆ ಮೀಟರ್ ಸೀರೆಯನ್ನು ನಾಲ್ಕು ತುಂಡು ಮಾಡಿದರೆ ಒಂದೊಂದು ನಾಲ್ಕೂವರೆ ಅಡಿ ಚಿಲ್ಲರೆ ಬರುತ್ತೆ, ಮಡಚಿ ಹೊಲಿದರೂ ನಾಲ್ಕಡಿ ಎತ್ತರದ ಎರಡು ಕಿಟಕಿಗೆ ಸಾಕು. ಅಂಚು ಅಡ್ಡಲಾಗದೆ ಬದಿಗೆ ಉದ್ದಕ್ಕೆ ಬರೋದರಿಂದ ನೋಡೋಕೂ ಲಕ್ಷಣ. ಸರಳನ್ನು ಕಿಟಕಿಗಿಂತ ಎರಡು ಇಂಚು ಮೇಲೆ, ಎರಡೂ ಬದಿಗೆ ಆರಾರು ಇಂಚು ಹೊರಗೆ ಬರುವ ಹಾಗೆ ಹೊಡೆಸಿ. ಆಗ ಕರ್ಟನ್ ಸರಿಸಿದರೆ ಗಾಜಿನ ಮೇಲೆ ಬಟ್ಟೆ ನಿಲ್ಲಲ್ಲ, ಕಿಟಕಿಯೂ ದೊಡ್ಡದಾಗಿ ಕಾಣುತ್ತೆ. ದಪ್ಪ ಬಟ್ಟೆ ಬೇಡ, ಆಗಸ್ಟ್‌ನಲ್ಲಿ ಒಗೆದರೆ ಮೂರು ದಿನವಾದರೂ ಒಣಗದೆ ವಾಸನೆ ಬರುತ್ತೆ.

ಕೂರೋಕೆ ಏನು ಅಂತ ಕೇಳ್ತೀರಾ? ಕೊಡವರ ಐನ್‌ಮನೆಗೆ, ಅಂದರೆ ಮನೆತನದ ಹಳೇ ಮೂಲ ಮನೆಗೆ, ಹೋಗಿದ್ದರೆ ಜಗಲಿಯ ಕಂಬಗಳ ನಡುವೆ ಅಗಲವಾದ ಹಲಗೆ ನೋಡಿರ್ತೀರಿ, ಐಮರ ಅಂತಾರೆ. ಫೋಮ್ ಇಲ್ಲ, ಬಟ್ಟೆ ಇಲ್ಲ, ಒರೆಸಿದರೆ ಮುಗಿಯಿತು. ಇಲ್ಲಿನ ಮಳೆ ಗೊತ್ತಿದ್ದವರೇ ಮಾಡಿದ್ದು ಅದು. ನಾನು ಅದನ್ನೇ ನೋಡಿ ಕಿಟಕಿ ಕೆಳಗೆ ಒಂದು ಬೆಂಚು ಮಾಡಿಕೊಂಡೆ. ಎಂಟು ಇಂಚು ಎತ್ತರದ ಸಿಮೆಂಟ್ ಬ್ಲಾಕನ್ನು ಎರಡೆರಡು ಪೇರಿಸಿದರೆ 16 ಇಂಚು, ಅದರ ಮೇಲೆ ಒಂದೂವರೆ ಇಂಚು ದಪ್ಪದ ಸಿಲ್ವರ್ ಓಕ್ ಹಲಗೆ ಇಟ್ಟರೆ ಕೂರೋಕೆ ಸರಿಯಾದ ಎತ್ತರ. ತೋಟದ ನೆರಳಿಗೆ ಬೆಳೆಸುವ ಮರ, ಸಾಮಿಲ್‌ನಲ್ಲಿ ಬೇರೆ ಮರಕ್ಕಿಂತ ಅಗ್ಗಕ್ಕೆ ಸಿಗುತ್ತೆ. ಆದರೆ ಮೆದು ಮರ, ಬೇಗ ಹುಳು ಹಿಡಿಯುತ್ತೆ, ಆರು ಮುಖಕ್ಕೂ ಹುಳದ ಔಷಧಿ ಹಚ್ಚಿ ಆಮೇಲೆ ವಾರ್ನಿಷ್ ಹೊಡೆಯಿರಿ. ಅಡಿಭಾಗ ಯಾರೂ ನೋಡಲ್ಲ ಅಂತ ಬಿಡಬೇಡಿ, ಹುಳು ಅಲ್ಲಿಂದಲೇ ಶುರು ಮಾಡೋದು. ಮೇಲೆ ತೆಳು ಹತ್ತಿ ದಿಂಬು ಸಾಕು.

ಕಾಫಿ ಕಟ್ಟಿಗೆಯಲ್ಲೂ ಚೆಂದ ಚೆಂದದ ವಸ್ತು ಆಗುತ್ತೆ. ಪರಿಚಯದವರ ತೋಟದಲ್ಲಿ ಹಳೇ ಗಿಡ ಕೀಳುವಾಗ ಕೇಳಿ ತನ್ನಿ. ಬಿಳಿ ಕಾಂಡಕೊರಕ ಹುಳು ಬಿದ್ದ ಅರೇಬಿಕಾ ಗಿಡ ಮಾತ್ರ ತರಬೇಡಿ, ಅದನ್ನು ತೋಟದವರು ಸುಟ್ಟುಬಿಡಬೇಕು, ಇಲ್ಲದಿದ್ದರೆ ಹುಳು ಹೊರಬಂದು ಬೇರೆ ಗಿಡಕ್ಕೆ ಹೋಗುತ್ತೆ. ಒಳ್ಳೆಯ ಕಟ್ಟಿಗೆಯ ಸಿಪ್ಪೆ ಸುಲಿದು, ಎರಡೂ ತುದಿಗೆ ಮೇಣ ಅಥವಾ ಪೇಂಟ್ ಹಚ್ಚಿ, ನೆರಳಲ್ಲಿ ನಾಲ್ಕಾರು ತಿಂಗಳು ಒಣಗಿಸಿ. ಅವಸರ ಮಾಡಿ ಬಿಸಿಲಿಗೆ ಇಟ್ಟರೆ ಸೀಳು ಬಿಡುತ್ತೆ. ಕವೆ ಇರುವ ರೆಂಬೆಗಳನ್ನು ಒಂದು ಹಲಗೆಗೆ ಸ್ಕ್ರೂ ಮಾಡಿದರೆ ಬಾಗಿಲ ಹತ್ತಿರ ರೇನ್‌ಕೋಟ್, ಜರ್ಕಿನ್ ತೂಗುಹಾಕೋಕೆ ಆಯ್ತು, ಕೆಳಗೆ ಕೊಡೆಗೆ ಒಂದು ಹಳೇ ಬಕೆಟ್.

ನೆಲದ ಬಗ್ಗೆ ಎರಡೇ ಮಾತು. ಹಳೇ ಕಾವಿ ನೆಲ ಇದ್ದರೆ ಅದರ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಬೇಡಿ, ಅಡಿಯಲ್ಲಿ ನೀರು ಬೆವರುತ್ತೆ. ಹಳೇ ಬಟ್ಟೆಯಲ್ಲಿ ನಾಲ್ಕು ತೊಟ್ಟು ತೆಂಗಿನೆಣ್ಣೆ ಹಾಕಿ ಉಜ್ಜಿ, ಜಾರದ ಹಾಗೆ ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ, ಬಣ್ಣ ಹೇಗೆ ಎದ್ದು ಕಾಣುತ್ತೆ ನೋಡಿ! ಬೈಲುಕುಪ್ಪೆಯ ಟಿಬೆಟನ್ ಉಣ್ಣೆ ಕಾರ್ಪೆಟ್ ನನಗೂ ತುಂಬಾ ಇಷ್ಟ, ಆದರೆ ಅದನ್ನು ಚಳಿಗಾಲಕ್ಕೆ ಮಾತ್ರ ಹಾಸಿ, ಮೇ ಕೊನೆಗೆ ಬಿಸಿಲಿಗೆ ಹಾಕಿ ಸುತ್ತಿಡಿ.

ಫೋಟೋ ಹಾಕುವಾಗ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಕಾರ್ಕಿನ ಚೂರು ಅಂಟಿಸಿ. ಗೋಡೆಗೂ ಫೋಟೋಗೂ ನಡುವೆ ಗಾಳಿ ಆಡಿದರೆ ಅಜ್ಜ ಅಜ್ಜಿಯ ಮುಖಕ್ಕೆ ಬೂಷ್ಟು ಹಿಡಿಯಲ್ಲ. ಬೀರು, ಮಂಚವನ್ನೂ ಗೋಡೆಯಿಂದ ಮೂರು ಇಂಚು ಮುಂದಕ್ಕೆ ಎಳೆದಿಡಿ.

ಗಿಡಕ್ಕೆ ದುಡ್ಡು ಕೊಡೋ ಅಗತ್ಯವೇ ಇಲ್ಲ. ಕಟ್ಟೆಯ ಮೇಲೆ ತಾನಾಗೇ ಹುಟ್ಟುವ ಜರಿ ಗಿಡ, ಪಕ್ಕದ ಮನೆಯಿಂದ ಆಂಥೂರಿಯಂನ ಒಂದು ಮರಿ. ಕಾಡಿನ ಸೀತಾಳೆ, ಅಂದರೆ ಆರ್ಕಿಡ್, ಮಾತ್ರ ಮರದಿಂದ ಕಿತ್ತು ತರಬೇಡಿ. ಆಂಥೂರಿಯಂಗೆ ನೇರ ಬಿಸಿಲು ಬೇಡ, ಬುಡದಲ್ಲಿ ನೀರು ನಿಲ್ಲಬಾರದು, ಇದ್ದಿಲು ಮತ್ತು ತೆಂಗಿನ ನಾರು ಬೆರೆಸಿ ನೆಟ್ಟರೆ ಸಾಕು. ನಮ್ಮ ಪಕ್ಕದ ಮನೆ ಅಜ್ಜಿ ಕೊಟ್ಟ ಮರಿ ಈಗ ಆ ಕಿಟಕಿಯ ಬೆಂಚಿನ ತುದಿಯಲ್ಲಿದೆ, ವಾಲ್‌ಪೇಪರ್ ಕಿತ್ತು ಸುಣ್ಣ ಬಳಿದ ಗೋಡೆಯ ಮುಂದೆ, ನಾಲ್ಕು ಕೆಂಪು ಹೂ ಬಿಟ್ಟುಕೊಂಡು.