ಮಾಟುಂಗಾ ಹೋಯ್ತಲ್ಲಮ್ಮ! ಇಬ್ಬರು ಮಕ್ಕಳೊಂದಿಗೆ ಮುಂಬೈಯಲ್ಲಿ ಐದು ದಿನ

ಉಡುಪಿಯಿಂದ ಹೊರಡುವ ಮೊದಲು ನಾನು ಬರೆದುಕೊಂಡಿದ್ದ ಪಟ್ಟಿಯಲ್ಲಿ 23 ಜಾಗಗಳಿದ್ದವು. ಇದ್ದದ್ದು ಐದು ದಿನದ ಕ್ರಿಸ್‌ಮಸ್ ರಜೆ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮತ್ಸ್ಯಗಂಧ ರೈಲಿನಲ್ಲಿ ಬಂದು ಇಳಿದ ಬೆಳಿಗ್ಗೆ, ಮುಂಬೈಯ ಮಾಟುಂಗಾ ಬಡಾವಣೆಯಲ್ಲಿರುವ ಚಿಕ್ಕಮ್ಮ ಪಟ್ಟಿ ಓದಿ ನಕ್ಕರು. "ನಾನು ಇಲ್ಲಿಗೆ ಬಂದು ಮೂವತ್ತು ವರ್ಷ ಆಯ್ತು ಮಾರಾಯ್ತಿ, ಇದರಲ್ಲಿ ಅರ್ಧ ನಾನೇ ನೋಡ್ಲಿಲ್ಲ."

ನಾನು ಕೇಳಲಿಲ್ಲ. ಮೊದಲ ದಿನವೇ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್, ಗೇಟ್‌ವೇ ಆಫ್ ಇಂಡಿಯಾ, ಮ್ಯೂಸಿಯಂ ಎಲ್ಲವನ್ನೂ ಒಟ್ಟಿಗೆ ಮುಗಿಸುವ ಆಸೆ. ಸಿಎಸ್‌ಎಂಟಿ ಚೆನ್ನಾಗಿಯೇ ಆಯಿತು. 1888ರಲ್ಲಿ ಕಟ್ಟಿ ಮುಗಿಸಿದ ಸ್ಟೇಷನ್ ಅದು, 2004ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ ಅಂತ ನಮ್ಮವರು ಶುರುಮಾಡಿದರು. ಮಗ ಆಕಳಿಸಿದ. ಆಮೇಲೆ ಗೇಟಿನ ಎರಡು ಕಂಬಗಳನ್ನು ತೋರಿಸಿದೆವು. ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಬ್ರಿಟನ್ನಿಗೆ ಸಿಂಹ, ನಮ್ಮ ದೇಶಕ್ಕೆ ಹುಲಿ. ಹುಲಿವೇಷದ ಊರಿನ ಮಕ್ಕಳಿಗೆ ಅಷ್ಟು ಸಾಕಾಯಿತು. ಗೋಡೆಯ ಮೇಲೆ ಇನ್ನೂ ಯಾವ ಯಾವ ಪ್ರಾಣಿ ಇದೆ ಅಂತ ಹುಡುಕುತ್ತಾ ಮುಕ್ಕಾಲು ಗಂಟೆ ಕಳೆದರು.

ಅಲ್ಲಿಂದ ಡಬಲ್ ಡೆಕರ್ ಬಸ್ಸು. ಹಳೆಯ ಕೆಂಪು ಡಬಲ್ ಡೆಕರ್ 2023ರಲ್ಲಿ ನಿಂತುಹೋಯಿತು. ಈಗಿನದು ಎ.ಸಿ., ಬ್ಯಾಟರಿಯದ್ದು. ಕಿಟಕಿ ತೆರೆಯುವ ಹಾಗಿಲ್ಲ, ಮುಖಕ್ಕೆ ಗಾಳಿ ಬಡಿಯುವುದಿಲ್ಲ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಮಕ್ಕಳಿಗೆ ಮಾತ್ರ ಮೇಲಿನ ಮಹಡಿಯ ಮುಂದಿನ ಸೀಟೇ ಸ್ವರ್ಗ. ಗೇಟ್‌ವೇ ತಲುಪುವಾಗ ಮಗ ನಿದ್ದೆ. ಮ್ಯೂಸಿಯಂ ಬಾಗಿಲನ್ನು ಹೊರಗಿನಿಂದ ನೋಡಿ ತಿರುಗಿದೆವು.

ಎಡವಟ್ಟಾದದ್ದು ವಾಪಸ್ ಬರುವಾಗ. ನಾಲ್ಕೂವರೆಗೆ ಸಿಎಸ್‌ಎಂಟಿಯಲ್ಲಿ ಎದುರಿಗೆ ನಿಂತಿದ್ದ ಲೋಕಲ್ ಹತ್ತಿಬಿಟ್ಟೆವು. ನಾನು ಮತ್ತು ಮಕ್ಕಳು ಲೇಡೀಸ್ ಡಬ್ಬಿಯಲ್ಲಿ, ನಮ್ಮವರು ಪಕ್ಕದ ಜನರಲ್‌ನಲ್ಲಿ. ಮೂವರ ಸೀಟಿನಲ್ಲಿ ಆಗಲೇ ನಾಲ್ವರಿದ್ದರು. ಅದರಲ್ಲೊಬ್ಬ ಅಜ್ಜಿ "ಸರಕಾ ಜರಾ" ಅಂದು ಪಕ್ಕದವರನ್ನೆಲ್ಲ ಸರಿಸಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ದಾದರ್ ಆಯಿತು. ಇಳಿಯಲು ಬಾಗಿಲ ಕಡೆ ಬಂದೆವು. ರೈಲು ನಿಲ್ಲುವ ಸೂಚನೆಯೇ ಇಲ್ಲ. ಮಗಳು ಬೋರ್ಡ್ ಓದಿ ಕಿರುಚಿದಳು: "ಅಮ್ಮಾ, ಮಾಟುಂಗಾ ಹೋಯ್ತಲ್ಲಮ್ಮ!" ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಸಾಯನ್ ಕೂಡ ಹಾರಿಸಿಕೊಂಡು ಹೋಗಿ ಕುರ್ಲಾದಲ್ಲಿ ನಿಂತಿತು. ಅಲ್ಲಿ ಇಳಿದೆವು ಅನ್ನುವುದಕ್ಕಿಂತ ಜನರೇ ನಮ್ಮನ್ನು ಇಳಿಸಿದರು. ಸೇತುವೆ ಹತ್ತಿ, ದಾಟಿ, ಸ್ಲೋ ಲೋಕಲ್ ಹಿಡಿದು ಮನೆ ಸೇರುವಾಗ ಕತ್ತಲಾಗಿತ್ತು.

ಅವತ್ತು ರಾತ್ರಿ ಪಟ್ಟಿ ಹರಿದು ಹಾಕಿದೆ. ಆಮೇಲೆ ನಮ್ಮ ಲೆಕ್ಕ ಇಷ್ಟೇ: ದಿನಕ್ಕೆ ಒಂದೇ ಜಾಗ. ಹತ್ತೂವರೆ ದಾಟಿದ ಮೇಲೆ ಹೊರಡುವುದು, ಸಂಜೆ ನಾಲ್ಕರೊಳಗೆ ಮನೆ. ಬೆಳಿಗ್ಗೆ ರಶ್ ಎಲ್ಲ ಸಿಎಸ್‌ಎಂಟಿ ಕಡೆಗೆ, ಸಂಜೆ ಅಲ್ಲಿಂದ ಹೊರಗೆ. ನಾವು ಹೋಗಿ ಬರುವ ದಾರಿಯೂ ಅದೇ ಆದ್ದರಿಂದ ಮಧ್ಯಾಹ್ನದ ಹೊತ್ತೇ ನಮ್ಮದು. ಹತ್ತುವ ಮೊದಲು ಇಂಡಿಕೇಟರ್‌ನಲ್ಲಿ ಎಸ್ (ಸ್ಲೋ) ಇದೆಯೋ ಎಫ್ (ಫಾಸ್ಟ್) ಇದೆಯೋ ನೋಡುವ ಕೆಲಸ ಮಗಳದ್ದು. ಭಾನುವಾರ ಮೆಗಾಬ್ಲಾಕ್ ಅಂತ ರಿಪೇರಿಗೆ ಎಷ್ಟೋ ರೈಲು ಇರುವುದಿಲ್ಲ, ಹಾಗಾಗಿ ಅವತ್ತು ಮಾಟುಂಗಾ ಬಿಟ್ಟು ಕದಲಲಿಲ್ಲ.

ಮಕ್ಕಳಿಗೆ ಒಂದು ಪಾಠ ಬಾಯಿಪಾಠ ಮಾಡಿಸಿದೆವು. ನೀನು ರೈಲಿನಲ್ಲಿ ಉಳಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲು. ಪ್ಲಾಟ್‌ಫಾರ್ಮ್‌ನಲ್ಲಿ ಉಳಿದರೆ ಅಲ್ಲಾಡಬೇಡ. ಇಬ್ಬರ ಕೈ ಮೇಲೂ ಬಾಲ್‌ಪೆನ್ನಿನಲ್ಲಿ ನಮ್ಮ ಫೋನ್ ನಂಬರ್. ಮಗನ ತಳ್ಳುಗಾಡಿ ಐದೂ ದಿನ ಚಿಕ್ಕಮ್ಮನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಉಪಯೋಗಕ್ಕೆ ಬಂತು. ಸ್ಟೇಷನ್ನಿನ ಮೆಟ್ಟಿಲುಗಳಲ್ಲಿ ಅದನ್ನು ಯಾರು ಹೊರುತ್ತಾರೆ?

ಎಲಿಫೆಂಟಾ ದ್ವೀಪಕ್ಕೆ ಹೋಗಲೇಬೇಕು ಅಂತ ಮಗನ ಹಟ. ಹೆಸರಲ್ಲೇ ಆನೆ ಇದೆಯಲ್ಲ. ದೋಣಿಯಲ್ಲಿ ಒಂದೊಂದು ಬದಿಗೆ ಸುಮಾರು ಒಂದು ಗಂಟೆ, ಅದಾದ ಮೇಲೆ ನೂರಕ್ಕಿಂತ ಜಾಸ್ತಿ ಮೆಟ್ಟಿಲು. ನಮ್ಮ ಬೆನ್ನಿನ ಗತಿ ಏನು? ಅಲ್ಲದೆ ಆ ಆನೆ ಈಗ ಅಲ್ಲಿಲ್ಲ. ಪೋರ್ಚುಗೀಸರು ದ್ವೀಪಕ್ಕೆ ಆ ಹೆಸರಿಟ್ಟದ್ದು ಅಲ್ಲಿದ್ದ ಕಲ್ಲಿನ ಆನೆಯನ್ನು ನೋಡಿ. ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಒಡೆದುಬಿಟ್ಟರು. ತುಂಡುಗಳನ್ನು ಜೋಡಿಸಿ ನಿಲ್ಲಿಸಿದ್ದು ಬೈಕುಲಾದಲ್ಲಿ, ರಾಣಿಬಾಗ್ ಪಕ್ಕದ ಭಾವು ದಾಜಿ ಲಾಡ್ ಮ್ಯೂಸಿಯಂ ತೋಟದಲ್ಲಿ. ಬೈಕುಲಾಕ್ಕೆ ಮಾಟುಂಗಾದಿಂದ ಸ್ಲೋ ಲೋಕಲ್ಲೇ ಸಾಕು.

ರಾಣಿಬಾಗ್ ಅಂದರೆ ಪ್ರಾಣಿ ಸಂಗ್ರಹಾಲಯ. ಬುಧವಾರ ರಜೆ, ಅದು ಗೊತ್ತಿರಲಿ. 2017ರಿಂದ ಅಲ್ಲಿ ಪೆಂಗ್ವಿನ್‌ಗಳನ್ನು ತೋರಿಸುತ್ತಿದ್ದಾರೆ. ತಣ್ಣಗಿನ ಕೋಣೆ, ಗಾಜಿನ ಆಚೆ ನೀರು. ಒಂದು ಪೆಂಗ್ವಿನ್ ಈಜುತ್ತಾ ಗಾಜಿನ ಹತ್ತಿರ ಬಂತು. ಮಗ ಗಾಜಿಗೆ ಮೂಗು ಒತ್ತಿ ನಿಂತ. ಅವನು ಬಲಕ್ಕೆ ಸರಿದರೆ ಅದೂ ಬಲಕ್ಕೆ. ಸಾಲು ಮುಂದೆ ಹೋಗಬೇಕು, ಕಾವಲುಗಾರರು "ಚಲಾ, ಚಲಾ" ಅನ್ನುತ್ತಲೇ ಇದ್ದರು. ಅವನ ಮೂಗಿನ ಗುರುತು ಗಾಜಿನ ಮೇಲೆ ಉಳಿಯಿತು. ಆಮೇಲೆ ಕಲ್ಲಾನೆ ನೋಡಿ ಅವನು ಕೇಳಿದ್ದು, "ಇದಕ್ಕೆ ನೋವಾಗಿತ್ತಾ?"

ಊಟದ ಚಿಂತೆ ಇರಲಿಲ್ಲ. ಮಾಟುಂಗಾ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಬಾಳೆ ಎಲೆಯ ಮೇಲೆ ಊಟ. ಮುಂಬೈವರೆಗೆ ಬಂದು ಸಾರು ಅನ್ನವಾ ಅಂತ ನಮ್ಮವರು ಗೊಣಗಿದರು. ಎರಡು ದಿನ ಪಾವ್ ಭಾಜಿ ತಿಂದ ಮಕ್ಕಳ ಹೊಟ್ಟೆ ಅದನ್ನೇ ಕೇಳುತ್ತಿತ್ತು. ಬಡಿಸುವವರು ನಮ್ಮ ಮಾತು ಕೇಳಿ ತುಳುವಿಗೆ ಹೊರಳಿದರು. ಪಕ್ಕದ ಮೇಜಿನಲ್ಲಿ ಗುಜರಾತಿ, ಆಚೆ ತಮಿಳು. ಮಗಳು ಕಿವಿಯಲ್ಲಿ ಕೇಳಿದಳು, "ಇಲ್ಲಿ ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದಾ?" ಹೌದು, ರೈಲಿನಲ್ಲೇ ಮೂರು ಇದೆಯಲ್ಲ. ಪುಢೀಲ್ ಸ್ಟೇಷನ್, ಅಗಲಾ ಸ್ಟೇಷನ್, ನೆಕ್ಸ್ಟ್ ಸ್ಟೇಷನ್. ಮಗ ಅದನ್ನು ಸ್ನಾನದ ಮನೆಯಲ್ಲೂ ಹೇಳುತ್ತಿದ್ದ. ಬಸ್ಸಿನ ಮರಾಠಿ ಅಂಕಿ ಓದುವುದು ಮಗಳ ಆಟ. 2 ಮತ್ತು 3 ನಮ್ಮ ಕನ್ನಡ ಅಂಕಿಯ ಹಾಗೇ ಇವೆ ಅಂತ ಅವಳೇ ಕಂಡುಹಿಡಿದಳು.

ಕೊನೆಯ ದಿನ ಸಮುದ್ರದ ನಡುವಿನ ಹಾಜಿ ಅಲಿ ದರ್ಗಾ. ನಾವು ತಲುಪಿದಾಗ ದರ್ಗಾಕ್ಕೆ ಹೋಗುವ ದಾರಿ ನೀರಿನಡಿ. ಊರಲ್ಲಿ ಭರತ, ಇಳಿತ ನೋಡಿಕೊಂಡೇ ಬೆಳೆದವಳು ನಾನು, ಇಲ್ಲಿ ಹೊತ್ತು ಕೇಳಿಕೊಳ್ಳಲು ಮರೆತೆ. ಇಲ್ಲಿಯವರು ಅದಕ್ಕೆ ಭರತಿ, ಓಹೋಟಿ ಅನ್ನುತ್ತಾರೆ. ದಾರಿ ತೆರೆಯಲು ಇನ್ನೂ ಎರಡು ಗಂಟೆ ಅಂದರು ಅಲ್ಲಿದ್ದ ಹೂವಿನವರು. ಕಾದರೆ ನಾಲ್ಕು ದಾಟುತ್ತದೆ. ಮಕ್ಕಳು ಕಟ್ಟೆಯ ಮೇಲೆ ಕುಳಿತು, ನೀರಿನ ನಡುವೆ ನಿಂತಿದ್ದ ಬಿಳಿ ಗುಮ್ಮಟ ನೋಡುತ್ತಾ ಸೀತಾಫಲದ ಜ್ಯೂಸು ಮುಗಿಸಿದರು. ಟ್ಯಾಕ್ಸಿ ಹಿಡಿದು ಮಾಟುಂಗಾಕ್ಕೆ ಬಂದೆವು.