ಬೈಲಿ ಸೇತುವೆ ಕಟ್ಟೋದು ಹೆಂಗೆ, ಸ್ಯಾಪರ್ ಆಗಿ ನನ್ನ ಅನುಭವ

ನಮ್ಮ ಚಿಂತಾಮಣಿ ಕಡೆ ಹುಡುಗ್ರು ಸೇನೆ ಭರ್ತಿಗೆ ಹೋಗೋಕ್ ಮುಂಚೆ ಬಂದು ಕೇಳ್ತಾರೆ, ಅಣ್ಣಾ ಇಂಜಿನಿಯರ್ಸ್‌ಗೆ ಸೇರಿದ್ರೆ ಯುದ್ಧ ಇರಲ್ವಂತೆ, ಬರೀ ರಸ್ತೆ ಸೇತುವೆ ಕೆಲ್ಸಾನಂತೆ, ಹೌದಾ ಅಂತ. ನಾನು ಸೇನೆಯ ಇಂಜಿನಿಯರ್ ಪಡೆಯ ಸೈನಿಕ, ಅಂದ್ರೆ ಸ್ಯಾಪರ್, ಮದ್ರಾಸ್ ಇಂಜಿನಿಯರ್ ಗ್ರೂಪ್, ಹಲಸೂರು ಕೆರೆ ಹತ್ರ ಇರೋ ಸೆಂಟರ್‌ನಲ್ಲೇ ಟ್ರೇನಿಂಗ್ ಆಗಿ ಹವಾಲ್ದಾರ್ ಆಗಿ ಪೆನ್ಷನ್ ಬಂದೋನು. ಯುದ್ಧಕ್ಕೊಂದು ಶಾಂತಿಗೊಂದು ಅಂತ ಬೇರೆ ಬೇರೆ ಕೆಲ್ಸ ನಮಗೆ ಕಲಿಸಲೇ ಇಲ್ಲ, ಬಿಡಿ ಭಾಗ ಜೋಡಿಸಿ ಬೇಗ ಕಟ್ಟೋ ಬೈಲಿ ಸೇತುವೆನೇ ನೋಡಿ.

ಎರಡನೇ ಮಹಾಯುದ್ಧದ ಟೈಮಲ್ಲಿ ಬ್ರಿಟನ್ನಿನ ಡೊನಾಲ್ಡ್ ಬೈಲಿ ಅನ್ನೋರು ಮಾಡಿದ ಡಿಸೈನ್ ಅದು. ಒಂದೊಂದು ಪ್ಯಾನೆಲ್, ಅಂದ್ರೆ ಉಕ್ಕಿನ ಚೌಕಟ್ಟು, 10 ಅಡಿ ಉದ್ದ, ಸುಮಾರು 260 ಕೆಜಿ, ಕ್ರೇನ್ ಬೇಡ, ಆರು ಜನ ಬಾರ್ ಹಾಕಿ ಎತ್ತಿ ತರ್ತೀವಿ. ಪ್ಯಾನೆಲ್‌ಗೆ ಪ್ಯಾನೆಲ್ ಜೋಡಿಸಿ ಪಿನ್ ಹೊಡೀಬೇಕು. ತೂತಿಗೆ ತೂತು ಸರಿ ಬಂತಾ ಅಂತ ಹೊಸಬರು ಬೆರಳು ಹಾಕಿ ನೋಡೋಕ್ ಹೋಗ್ತಾರೆ, ಪ್ಯಾನೆಲ್ ಒಂಚೂರು ಜರುಗಿದ್ರೂ ಬೆರಳು ಕತ್ತರಿಸಿ ಹೋಗುತ್ತೆ, ಅದಕ್ಕೇ ಕಬ್ಬಿಣದ ಸಲಾಕೆಲೇ ಸರಿ ಮಾಡ್ಬೇಕು.

ನಿಜವಾದ ಎದೆ ಢವಢವ ಇರೋದು ತಳ್ಳೋವಾಗ. ಈಶಾನ್ಯದ ಕಡೆ ಪೋಸ್ಟಿಂಗಲ್ಲಿ, ಪ್ರವಾಹಕ್ಕೆ ಹಳೇ ಸೇತುವೆ ಕೊಚ್ಚಿಹೋದ ಜಾಗದಲ್ಲಿ ಕಟ್ಟಿದ್ವಿ, ಕೆಳಗೆ ಕೆಂಪು ನೀರು ಭೋರ್ಗರೀತಿತ್ತು, ಆಚೆ ದಡದಲ್ಲಿ ಊರೋರು ಮಕ್ಕಳನ್ನ ಎತ್ಕೊಂಡು ನಿಂತಿದ್ರು. ಇಡೀ ಸೇತುವೆನ ಈಚೆ ದಡದಲ್ಲೇ ರೋಲರ್ ಮೇಲೆ ಕಟ್ಟಿ ಮುಂದಕ್ಕೆ ತಳ್ಳೋದು, ಮುಂದಿನ ತುದಿಗೆ ಹಲಗೆ ಹಾಸದೆ ಹಗುರ ಬಿಡ್ತೀವಿ, ಅದಕ್ಕೆ ನೋಸ್ ಅಂತೀವಿ. ನೋಸ್ ಆಚೆ ರೋಲರ್ ಮೇಲೆ ಕೂರೋವರ್ಗೂ ಹಿಂದಿನ ಭಾರನೇ ಜಾಸ್ತಿ ಇರ್ಬೇಕು, ತಪ್ಪಿದ್ರೆ ಎಲ್ಲಾ ನೀರಿಗೆ. ಚಾಚಿದಷ್ಟೂ ತುದಿ ಬಾಗುತ್ತೆ, ಅದಕ್ಕೆ ಮೊದಲೇ ಪ್ಯಾನೆಲ್‌ಗಳ ನಡುವೆ ಲಿಂಕ್ ಅನ್ನೋ ಜೋಡಣೆ ತುಂಡು ಹಾಕಿ ತುದಿನ ಮೇಲಕ್ಕೆ ಎತ್ತಿರ್ತೀವಿ. ಕಮಾಂಡ್ ಒಬ್ಬರದ್ದೇ, ಬೇರೆ ಯಾರೂ ಬಾಯಿ ಬಿಡಂಗಿಲ್ಲ.

ಯುದ್ಧದಲ್ಲೂ ಇದೇ ಡ್ರಿಲ್, ಮೇಲಿಂದ ಗುಂಡು ಬೀಳ್ತಿರುತ್ತೆ ಅಷ್ಟೇ ವ್ಯತ್ಯಾಸ. ನಮ್ಮ ಗ್ರೂಪಿನ ಮೂಲ 1780ರ ಮದ್ರಾಸ್ ಪಯೋನಿಯರ್ಸ್. ಮುಳ್ಳುತಂತಿ ಬೇಲಿ ಸಿಡಿಸೋ ಬ್ಯಾಂಗಲೂರ್ ಟಾರ್ಪಿಡೊ 1912ರಲ್ಲಿ ಮಾಡಿದ್ದು ನಮ್ಮ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್. ಯುದ್ಧ ಇರಲ್ವಂತೆ ಅನ್ನೋ ಹುಡುಗ್ರಿಗೆ ನಾನು ಹೇಳೋದು ಸುಬೇದಾರ್ ಸುಬ್ರಮಣಿಯನ್ ಅವರ ಹೆಸರು, 1944ರಲ್ಲಿ ಇಟಲಿಯಲ್ಲಿ ಜೊತೆಯವರನ್ನ ಉಳಿಸೋಕೆ ಮೈನ್ (ನೆಲಬಾಂಬ್) ಮೇಲೆ ತಾವೇ ಬಿದ್ದು ಪ್ರಾಣ ಕೊಟ್ರು, ಬ್ರಿಟನ್ನಿನ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು.

2024ರ ಜುಲೈನಲ್ಲಿ ವಯನಾಡ್ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿ 190 ಅಡಿ ಬೈಲಿ ಸೇತುವೆನ ಸುಮಾರು 31 ಗಂಟೇಲಿ ಕಟ್ಟಿದ್ದೂ ನಮ್ಮ ಗ್ರೂಪೇ, ಮೇಜರ್ ಸೀತಾ ಶೆಳ್ಕೆ ಅಲ್ಲೇ ನಿಂತು ಮಾಡ್ಸಿದ್ರು. ಕ್ಲಾಸ್ 24 ಸೇತುವೆ ಅದು, ಅಂದ್ರೆ ಸುಮಾರು 24 ಟನ್ ಭಾರ ತಡೆಯುತ್ತೆ, ಮಣ್ಣು ತೆಗೆಯೋ ಮಷೀನು, ಆಂಬುಲೆನ್ಸು ಎಲ್ಲಾ ಮುಂಡಕ್ಕೈ ಕಡೆಗೆ ದಾಟೋಕೆ ದಾರಿ ಆಯ್ತು. ಟೀವೀಲಿ ನೋಡ್ತಾ ಕಣ್ಣು ತುಂಬ್ಕೊಂಡ್ ಬಂತು ನನಗೆ.

ಭರ್ತಿಗೆ ಹೋಗೋ ಹುಡುಗ್ರು ಬೆಳಗ್ಗೆ ಓಡೋದ್ರ ಜೊತೆ ಈಜೂ ಕಲ್ತುಕೊಳ್ಳಿ, ನಮ್ಮ ಬಯಲುಸೀಮೆಯೋರಿಗೆ ಹರಿಯೋ ನೀರಿನ ಅಭ್ಯಾಸ ಕಮ್ಮಿ, ಸ್ಯಾಪರ್‌ಗೆ ಅರ್ಧ ಕೆಲ್ಸ ನೀರಲ್ಲೇ ಇರುತ್ತೆ.