ಅಂಗಿಗೆ ನಿಮ್ಮದೇ ಎಂಬ್ರಾಯ್ಡರಿ: ಪರದೆಯ ಮೇಲಿನ ವೃತ್ತ ಬಟ್ಟೆಯ ಮೇಲೂ ವೃತ್ತವಾಗಿರಲಿ

ಕಂಪ್ಯೂಟರಿನಲ್ಲಿ ಚಂದ ಕಂಡ ಚಿತ್ರ ಅಂಗಿಯ ಮೇಲೆ ಸೊಟ್ಟಗೆ ಬಂದರೆ ಎಲ್ಲರೂ ಮೊದಲು ಎಂಬ್ರಾಯ್ಡರಿ ಮೆಷಿನನ್ನು ದೂರುತ್ತಾರೆ. ತಪ್ಪು ಇರುವುದು ಸಾಮಾನ್ಯವಾಗಿ ಡಿಸೈನಿನಲ್ಲಿ. ಒಳ್ಳೆಯ ಅಂಗಿಗಳು ಹೀಗೆ ಹಾಳಾಗುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

1. ತಂತ್ರಾಂಶ. ಚಿತ್ರ ಬರೆಯುವ ಇಂಕ್‌ಸ್ಕೇಪ್ ಹಾಕಿಕೊಳ್ಳಿ, ಅದರೊಳಗೆ ಚಿತ್ರವನ್ನು ಹೊಲಿಗೆಯಾಗಿ ಬದಲಿಸುವ ಇಂಕ್/ಸ್ಟಿಚ್ ಸೇರಿಸಿ. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ.

2. ಚಿತ್ರ. ಅಳತೆಯನ್ನು ಮಿಲಿಮೀಟರಿಗೆ ಬದಲಿಸಿ, ಹೊಲಿಯುವಷ್ಟೇ ಗಾತ್ರದಲ್ಲಿ ಬರೆಯಿರಿ. ಸಣ್ಣ ಮೆಷಿನುಗಳ ಹೂಪ್ (ಬಟ್ಟೆಯನ್ನು ಹಿಡಿದಿಡುವ ಚೌಕಟ್ಟು) ಸಾಮಾನ್ಯವಾಗಿ 100 × 100 ಮಿ.ಮೀ. ಪೆನ್ ಟೂಲಿನಲ್ಲಿ ನೀವೇ ಗೆರೆ ಎಳೆಯಿರಿ. ಫೋಟೋ ಕೊಟ್ಟು ‘ಟ್ರೇಸ್ ಬಿಟ್‌ಮ್ಯಾಪ್’ ಒತ್ತುವ ಅಡ್ಡದಾರಿ ಬೇಡ. ಅದು ನೂರಾರು ಪುಟ್ಟ ಚುಕ್ಕಿ ಎಬ್ಬಿಸುತ್ತದೆ, ಒಂದೊಂದು ಚುಕ್ಕಿಗೂ ಮೆಷಿನ್ ಗಂಟು ಹಾಕಿ ಮುಂದೆ ಹಾರಬೇಕು. ಅಕ್ಷರ ಬೇಕಿದ್ದರೆ ಇಂಕ್/ಸ್ಟಿಚ್‌ನ ‘ಲೆಟರಿಂಗ್’ನಲ್ಲಿರುವ ಫಾಂಟುಗಳನ್ನೇ ನೋಡಿ. ಅವು ಹೊಲಿಗೆಗೆಂದೇ ಮಾಡಿದವು. 6 ಮಿ.ಮೀ.ಗಿಂತ ಚಿಕ್ಕ ಅಕ್ಷರಕ್ಕೆ ನಾನಂತೂ ಕೈ ಹಾಕುವುದಿಲ್ಲ.

3. ಹೊಲಿಗೆಯ ಬಗೆ. ಅಗಲ ಜಾಗಕ್ಕೆ ಸಾಲು ಸಾಲಾಗಿ ತುಂಬುವ ಫಿಲ್, ಅಂಚಿಗೂ ಅಕ್ಷರಕ್ಕೂ ಅತ್ತಿಂದಿತ್ತ ಒತ್ತೊತ್ತಾಗಿ ಬೀಳುವ ಸ್ಯಾಟಿನ್, ತೆಳು ಗೆರೆಗೆ ಒಂದೇ ಸಾಲಿನ ರನ್ನಿಂಗ್. ಸ್ಯಾಟಿನ್ 7 ಮಿ.ಮೀ. ದಾಟಿದರೆ ದಾರ ಸಡಿಲವಾಗಿ ಉಗುರಿಗೆ, ಗುಂಡಿಗೆ ಸಿಕ್ಕಿಕೊಳ್ಳುತ್ತದೆ.

4. ಸೆಳೆತದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ನಾನು ಮೊದಲ ಸಲ ಟೀ ಶರ್ಟಿನ ಮೇಲೆ ಹೊಲಿದದ್ದು ಕಪ್ಪು ಅಂಚಿನ ಹಳದಿ ವೃತ್ತ. ಪರದೆಯ ಮೇಲೆ ಒಂದು ಕೂದಲೆಳೆಯಷ್ಟೂ ಸಂದಿರಲಿಲ್ಲ. ಹೊಲಿದ ಮೇಲೆ ನೋಡಿದರೆ ಹಳದಿಗೂ ಕಪ್ಪಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು, ಉಗುರಿನ ತುದಿಯಂಥ ಬಿಳಿ ಸಂದು. ಮೇಲೆ ಕೆಳಗೆ ಮಾತ್ರ ಹಳದಿ ಅಂಚನ್ನು ದಾಟಿ ಉಬ್ಬಿತ್ತು.

ಕಾರಣ ಇಷ್ಟೇ. ಪ್ರತಿ ಹೊಲಿಗೆಯೂ ಬಿಗಿಯಾದ ದಾರ. ಅದು ತನ್ನ ಎರಡು ತುದಿಯ ಬಟ್ಟೆಯನ್ನು ಒಳಗೆ ಎಳೆಯುತ್ತದೆ. ನನ್ನ ಹೊಲಿಗೆ ಅಡ್ಡಡ್ಡ ಇತ್ತು, ಹಾಗಾಗಿ ವೃತ್ತ ಅಡ್ಡಕ್ಕೆ ಕುಗ್ಗಿತು. ಸಾಲುಗಳು ಒಂದನ್ನೊಂದು ತಳ್ಳಿ ಉದ್ದಕ್ಕೆ ಹಿಗ್ಗಿತು. ಆಮೇಲೆ ಬಂದ ಕಪ್ಪು ಅಂಚು ಮಾತ್ರ ಬರೆದ ಜಾಗದಲ್ಲೇ ಕೂತಿತು.

ಇಂಕ್/ಸ್ಟಿಚ್‌ನಲ್ಲಿ ‘ಪ್ಯಾರಾಮ್ಸ್’ (ಹೊಲಿಗೆಯ ಸೆಟ್ಟಿಂಗುಗಳು) ತೆರೆಯಿರಿ. ಮೊದಲು ಅಂಡರ್‌ಲೇಗೆ ಟಿಕ್ ಬಿದ್ದಿದೆಯಾ ನೋಡಿ. ಇದು ಮೇಲಿನ ಹೊಲಿಗೆಗಿಂತ ಮುಂಚೆ ಬೀಳುವ ವಿರಳ ಅಡಿಹೊಲಿಗೆ, ಬಟ್ಟೆಯನ್ನು ಕೆಳಗಿನ ಸ್ಟೆಬಿಲೈಜರಿಗೆ (ಆಸರೆಗೆಂದು ಬಟ್ಟೆಯ ಅಡಿಗೆ ಇಡುವ ಹಾಳೆ) ಕಚ್ಚಿಸಿ ಅಲುಗದಂತೆ ಹಿಡಿಯುತ್ತದೆ. ಸ್ಯಾಟಿನ್‌ಗೂ ಬೇಕು: ಕಿರಿದಾಗಿದ್ದರೆ ನಡುವೆ ಒಂದು ಗೆರೆ ಸಾಕು, ಅಗಲವಿದ್ದರೆ ಜಿಗ್‌ಜ್ಯಾಗ್ ಕೂಡ ಹಾಕಿ. ದಾರ ಉಳಿಸಲು ಇದನ್ನು ಬಿಡಬೇಡಿ.

ನಂತರ ‘ಪುಲ್ ಕಾಂಪೆನ್ಸೇಶನ್’. ಬಟ್ಟೆ ಎಷ್ಟು ಕುಗ್ಗೀತೋ ಅಷ್ಟನ್ನು ಮೊದಲೇ ಹಿಗ್ಗಿಸಿ ಇಡುವ ಲೆಕ್ಕವಿದು. ನೇಯ್ದ ಷರ್ಟ್ ಬಟ್ಟೆಗೆ 0.2 ಮಿ.ಮೀ., ಎಳೆದರೆ ಹಿಗ್ಗುವ ಟೀ ಶರ್ಟಿಗೆ 0.4 ಇಟ್ಟು ಶುರು ಮಾಡಿ. ಅದರ ಜೊತೆಗೆ, ಹೊಲಿಗೆ ಅಡ್ಡಡ್ಡ ಇದ್ದರೆ, ಎಡಬಲದಲ್ಲಿ ಫಿಲ್ ಅನ್ನು ಅಂಚಿನ ಅಡಿಗೆ 1 ಮಿ.ಮೀ.ನಷ್ಟು ತೂರಿಸಿ ಬರೆಯಿರಿ. ಮೇಲೆ ಕೆಳಗೆ ತೂರಿಸುವುದು ಬೇಡ, ಅಲ್ಲಿ ಅದು ಹೇಗೂ ಹಿಗ್ಗುತ್ತದೆ, ಅಲ್ವಾ?

ಸಾಲುಗಳ ಅಂತರವನ್ನೂ ನೋಡಿ. ಫಿಲ್‌ಗೆ ತಾನಾಗಿ ಬರುವುದು 0.25 ಮಿ.ಮೀ. ಮೆತ್ತನೆಯ ಟೀ ಶರ್ಟಿಗೆ ಅದು ತೀರಾ ಒತ್ತು, ಎದೆಯ ಮೇಲೆ ಹಲಗೆ ಕಟ್ಟಿಕೊಂಡಂತೆ ಆಗುತ್ತದೆ. ನಾನು 0.35ರಿಂದ 0.4ರವರೆಗೆ ಇಡುತ್ತೇನೆ.

ಕ್ರಮ: ಇಂಕ್‌ಸ್ಕೇಪಿನ ‘ಆಬ್ಜೆಕ್ಟ್ಸ್’ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಮೊದಲು ಹೊಲಿಯಲ್ಪಡುತ್ತದೆ. ಫಿಲ್ ಕೆಳಗಿರಲಿ, ಅಂಚು ಮೇಲಿರಲಿ.

5. ಸಿಮ್ಯುಲೇಟರ್. ಹೊಲಿಗೆ ಹೇಗೆ ಬೀಳುತ್ತದೆಂದು ಇದು ಪರದೆಯ ಮೇಲೇ ತೋರಿಸುತ್ತದೆ, ಮೊದಲಿಂದ ಕೊನೆವರೆಗೆ ಕೂತು ನೋಡಿ. ಸುಮ್ನೆ ಅತ್ತಿಂದಿತ್ತ ಹಾರುತ್ತಿದ್ದರೆ ಕ್ರಮ ಬದಲಿಸಿ.

6. ಉಳಿಸುವುದು. ನೀವು ಬರೆದ ಮೂಲ ಚಿತ್ರದ ಎಸ್‌ವಿಜಿ ಫೈಲನ್ನು ಹಾಗೇ ಇಟ್ಟುಕೊಂಡು, ನಿಮ್ಮ ಮೆಷಿನ್ ಓದುವ ಪಿಇಎಸ್, ಜೆಇಎಫ್ ಅಥವಾ ಡಿಎಸ್‌ಟಿಯಲ್ಲಿ ನಕಲು ಉಳಿಸಿ. ಡಿಎಸ್‌ಟಿಯಲ್ಲಿ ದಾರದ ಬಣ್ಣ ಉಳಿಯುವುದಿಲ್ಲ, ಬಣ್ಣಗಳ ಸರದಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗಾತ್ರ ಬದಲಿಸಬೇಕಾದರೆ ಎಸ್‌ವಿಜಿಗೇ ಹಿಂತಿರುಗಿ.

7. ಹೂಪ್ ಕಟ್ಟುವುದು. ಟೀ ಶರ್ಟಿನ ಅಡಿಗೆ ಕತ್ತರಿಸಿ ತೆಗೆಯುವ ಬಗೆಯ ಸ್ಟೆಬಿಲೈಜರ್ ಹಾಕಿ, ಹರಿದು ತೆಗೆಯುವ ಬಗೆ ನೇಯ್ದ ಬಟ್ಟೆಗೆ. ಹಳೇ ಪೇಪರ್ ಮಡಚಿ ಇಡುವವರನ್ನು ನೋಡಿದ್ದೇನೆ. ಸೂಜಿ ನಾಲ್ಕು ಸಲ ಚುಚ್ಚುವಷ್ಟರಲ್ಲಿ ಅದು ಹರಿದುಹೋಗುತ್ತದೆ, ಅಲ್ಲಿಗೆ ಬಟ್ಟೆಗೆ ಆಸರೆಯೇ ಇಲ್ಲ. ಟೀ ಶರ್ಟಿಗೆ ಮೊನೆ ದುಂಡಗಿರುವ 75/11 ಬಾಲ್‌ಪಾಯಿಂಟ್ ಸೂಜಿ. ಅಂಗಿಯನ್ನು ತಮಟೆಯಂತೆ ಎಳೆದು ಕಟ್ಟಬೇಡಿ, ಸುಕ್ಕಿಲ್ಲದಿದ್ದರೆ ಸಾಕು. ಎಳೆದು ಕಟ್ಟಿದ್ದು ಹೂಪ್ ಬಿಚ್ಚಿದ ಕೂಡಲೇ ಮುದುಡುತ್ತದೆ.

ಮೊದಲ ಹೊಲಿಗೆ ಅದೇ ಬಗೆಯ ಹಳೇ ಬಟ್ಟೆಯ ಮೇಲೇ ಆಗಲಿ. ಸಂದು ಕಂಡರೆ ಪುಲ್ ಕಾಂಪೆನ್ಸೇಶನ್ 0.1 ಏರಿಸಿ ಮತ್ತೆ ಹೊಲಿಯಿರಿ. ಸರಿ ಬಂತು ಅನ್ನಿಸಿದ ಮೇಲಷ್ಟೇ ಅಂಗಿ ಏರಿಸಿ. ಮುಗಿದಾಗ ಟೀ ಶರ್ಟಿನ ಹಿಂಬದಿಯ ಸ್ಟೆಬಿಲೈಜರನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ, ಎಳೆಯಬೇಡಿ. ಡಿಸೈನಿನ ಸುತ್ತ ಸುಮಾರು 1 ಸೆಂ.ಮೀ. ಉಳಿಸಿ.